ಎಳೆಯ ಕೊರಳು, ಬಲಿತ ಕಿವಿ

ದೇವನಹಳ್ಳಿಯಿಂದ ಉತ್ತರಾಭಿಮುಖವಾಗಿ ಚಿಕ್ಕಬಳ್ಳಾಪುರದ ಕಡೆಗೆ ಸಾಗುವ ಹೆದ್ದಾರಿಯ ಪಾರ್ಶ್ವದಲ್ಲಿ, ತಿಮ್ಮರಾಯಸ್ವಾಮಿಯ ಗುಡಿಯುಳ್ಳ ಬಂಡೆಗಲ್ಲಿನ ಬೆಟ್ಟದ ಅಡಿಯಲ್ಲಿರುವ ಆವತಿಯ ಹೆಸರನ್ನು, ನಾಡಿನ ಚರಿತ್ರೆಯನ್ನು ಓದಿದವರು ರಣಭೈರೇಗೌಡನ ವಂಶದೊಡನೆಯೂ ಆ ವಂಶದ ಕವಲುಗಳು ಕಟ್ಟಿದ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳೊಡನೆಯೂ ಸೇರಿಸಿ ನೆನೆಯುವುದು ವಾಡಿಕೆ. ಈ ಅಧ್ಯಾಯದಲ್ಲಿ ನಾನು ಆ ಊರನ್ನು ನೆನೆಯುವುದು ಅನ್ಯ ನಿಮಿತ್ತದಿಂದ. ಕೋಲಾಟದ ಪದ, ಸೋಬಾನೆ, ಭಜನೆಯ ತಾಳ, ತಮಟೆಯ ಹೊಡೆತ ಇವು ಒಂದು ಕಡೆಯಿಂದಲೂ, ಹೆದ್ದಾರಿಯ ಲಾರಿಗಳ ಗರ್ಜನೆ ಮತ್ತು 2008ರಿಂದೀಚೆಗೆ ದೇವನಹಳ್ಳಿಯ ನಿಲ್ದಾಣದಲ್ಲಿ ಏರಿಳಿಯುತ್ತಿರುವ ವಿಮಾನಗಳ ಘೋಷ ಇನ್ನೊಂದು ಕಡೆಯಿಂದಲೂ ಬಂದು ಮುಟ್ಟುವ ಇಂತಹ ಊರಿನಲ್ಲಿ ಹುಟ್ಟಿ ಬೆಳೆದ ಮಗುವು ಆರನೆಯ ವಯಸ್ಸಿನಲ್ಲಿ ಪಾಠಶಾಲೆಯ ಹೊಸ್ತಿಲನ್ನು ದಾಟುವಾಗ ಅದರ ಕಿವಿಯ ಸ್ಥಿತಿ ಎಂತಹದು, ಕೊರಳಿನ ಸ್ಥಿತಿ ಎಂತಹದು, ಅವೆರಡರ ನಡುವಣ ಅಂತರವನ್ನು ಶಾಲೆಯು ಹೇಗೆ ತುಂಬಬೇಕು ಎಂಬುದೇ ಇಲ್ಲಿಯ ವಿಚಾರ.

ಮೊದಲು ಕಿವಿಯ ಮಾತು. ಶರೀರದ ಬಹುತೇಕ ಅಂಗಗಳು ಜನನಾನಂತರ ವರ್ಷಗಟ್ಟಲೆ ಬೆಳೆಯತಕ್ಕವುಗಳಾದರೆ, ಒಳಗಿವಿಯಲ್ಲಿ ಸುಮಾರು ಎರಡೂವರೆ ಸುತ್ತಾಗಿ ಸುರುಳಿಗೊಂಡಿರುವ ಕರ್ಣಶಂಖವು ಮಗು ಭೂಮಿಗೆ ಬೀಳುವುದಕ್ಕೆ ಮುಂಚೆಯೇ ದೊಡ್ಡವರ ಕಿವಿಯ ಪರಿಮಾಣವನ್ನು ಮುಟ್ಟಿರುತ್ತದೆ. ಗರ್ಭದ ಏಳನೆಯ ತಿಂಗಳ ಹೊತ್ತಿಗೆ ಶಿಶುವು ಹೊರಗಿನ ಸದ್ದಿಗೆ ಮಿಸುಕಿ ಉತ್ತರ ಕೊಡುವುದುಂಟು. ಸುರುಳಿಯನ್ನು ಬಿಚ್ಚಿ ನೀಳವಾಗಿಟ್ಟರೆ 35 ಮಿಲಿಮೀಟರಿನಷ್ಟಾಗುವ ಈ ನಾಳದ ಉದ್ದಕ್ಕೂ ಒಂದು ತೆಳುವಾದ ಪೊರೆ ಹಾಸಿಕೊಂಡಿದ್ದು, ತಾರಸ್ವರಗಳು ಅದರ ಬುಡದ ಬಳಿಯನ್ನೂ ಮಂದ್ರಸ್ವರಗಳು ತುದಿಯ ಬಳಿಯನ್ನೂ ಹೆಚ್ಚಾಗಿ ಅಲುಗಿಸುತ್ತವೆ. ಈ ರಹಸ್ಯವನ್ನು ಬಯಲಿಗೆ ತಂದ ಹಂಗೆರಿ ಮೂಲದ ವಿಜ್ಞಾನಿ ಬೇಕೇಶಿಯವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆ ಪೊರೆಯ ಮೇಲೆ ಸಾಲುಗೊಂಡಿರುವ ಒಳರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 3,500 ಮಾತ್ರ. ಅತಿಶಬ್ದದಿಂದ ಅವು ಒಮ್ಮೆ ನಾಶವಾದರೆ ಮತ್ತೆ ಮೊಳೆಯುವುದಿಲ್ಲ. ಮೆರವಣಿಗೆಯ ಧ್ವನಿವರ್ಧಕದ ಪೆಟ್ಟಿಗೆಯ ಮುಂದೆ ಮಕ್ಕಳನ್ನು ನಿಲ್ಲಿಸುವ ತಂದೆತಾಯಿಗಳು ಈ ಒಂದು ಸಂಖ್ಯೆಯನ್ನಾದರೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಪ್ರಾರ್ಥನೆ.

ಕೊರಳಿನ ಕಥೆ ಇದಕ್ಕೆ ವಿಪರೀತವಾದುದು. ನವಜಾತ ಶಿಶುವಿನ ಧ್ವನಿಪೆಟ್ಟಿಗೆಯೊಳಗಿನ ಸ್ವರತಂತುಗಳ ಉದ್ದ ಸುಮಾರು ಮೂರು ಮಿಲಿಮೀಟರು. ವಯಸ್ಕ ಸ್ತ್ರೀಯಲ್ಲಿ ಅದು ಹದಿಮೂರರ ಆಸುಪಾಸಿಗೂ ಪುರುಷರಲ್ಲಿ ಇಪ್ಪತ್ತರ ಸಮೀಪಕ್ಕೂ ಬೆಳೆಯುತ್ತದೆ. ಉದ್ದವಷ್ಟೇ ಅಲ್ಲ, ರಚನೆಯೂ ಬದಲಾಗುತ್ತದೆ: ದೊಡ್ಡವರ ಸ್ವರತಂತುವಿನಲ್ಲಿ ಮೇಲುಪೊರೆಯ ಅಡಿಯಲ್ಲಿ ಪದರಪದರವಾಗಿ ಜೋಡಣೆಗೊಂಡು ಒಳಗಿನ ಸ್ನಾಯುವಿಗೆ ಆಸರೆಯಾಗುವ ನಾರಿನ ಕಟ್ಟು ಹಸುಳೆಯಲ್ಲಿ ಇರುವುದೇ ಇಲ್ಲ, ಅದು ಬಾಲ್ಯದುದ್ದಕ್ಕೂ ಮೆಲ್ಲಮೆಲ್ಲನೆ ರೂಪುಗೊಂಡು ಪ್ರಾಯ ಬರುವ ಕಾಲಕ್ಕೆ ಪೂರ್ಣತೆಯನ್ನು ಪಡೆಯುತ್ತದೆ. ಒಂದನೆಯ ತರಗತಿಯ ಮಗುವಿನ ಕೊರಳು ಇನ್ನೂ ಕಟ್ಟಲ್ಪಡುತ್ತಿರುವ ವಾದ್ಯವೆಂಬುದನ್ನು ಶಿಕ್ಷಕರು ಮೊದಲು ಮನಗಾಣಬೇಕು.

ಹೀಗೆ, ಬಲಿತ ಕಿವಿಯೂ ಎಳೆಯ ಕೊರಳೂ ಒಂದೇ ದೇಹದಲ್ಲಿ ಕೂಡಿರುವುದರಿಂದ, ಮಗುವು ಸ್ವರವನ್ನು ಸರಿಯಾಗಿ ಕೇಳಿಯೂ ಸರಿಯಾಗಿ ಹಾಡಲಾರದೆ ಹೋಗುವ ಪ್ರಸಂಗ ಸ್ವಾಭಾವಿಕವಾಗಿಯೇ ಒದಗುತ್ತದೆ. ಕೇಳಿದ ಸ್ವರವನ್ನು ಕೊರಳಿನಲ್ಲಿ ಹಿಡಿಯುವುದೆಂದರೆ, ಮಿದುಳು ಸ್ನಾಯುಗಳಿಗೆ ಆಜ್ಞೆಯನ್ನಿತ್ತು, ಹೊರಟ ಧ್ವನಿಯನ್ನು ತನ್ನ ಕಿವಿಯಿಂದಲೇ ಕೇಳಿ, ಬೇಕಾದುದಕ್ಕೂ ಬಂದುದಕ್ಕೂ ಇರುವ ಭೇದವನ್ನು ಅಳೆದು, ಕ್ಷಣಾರ್ಧದಲ್ಲಿ ತಿದ್ದುವ ಕ್ರಿಯೆ; ಇದು ಸಾವಿರಾರು ಸಲದ ಅಭ್ಯಾಸದಿಂದ ಮಾತ್ರ ಸಿದ್ಧಿಸತಕ್ಕದ್ದು. ಅಕ್ಷರವನ್ನು ಗುರುತಿಸಬಲ್ಲ ಮಗುವಿನ ಕೈ ಮೊದಲ ತಿಂಗಳು ಅದನ್ನು ಸೊಟ್ಟಗೆ ಬರೆಯುವುದಿಲ್ಲವೆ? ಸೊಟ್ಟ ಅಕ್ಷರವನ್ನು ಕಂಡು ಯಾವ ಶಿಕ್ಷಕರೂ ಮಗುವಿನ ಸ್ಲೇಟನ್ನು ಕಿತ್ತುಕೊಳ್ಳುವುದಿಲ್ಲ. ಸೊಟ್ಟ ಸ್ವರವನ್ನು ಕೇಳಿದಾಗಲಾದರೋ, ವಾರ್ಷಿಕೋತ್ಸವದ ಅಭ್ಯಾಸದಲ್ಲಿ “ನಿಂಗೆ ರಾಗ ಬರಲ್ಲ ಕಣೋ, ಸುಮ್ನೆ ಬಾಯಾಡ್ಸು” ಎಂಬ ಮಾತು ನಮ್ಮ ಶಾಲೆಗಳಲ್ಲಿ ಎಷ್ಟು ಸರಾಗವಾಗಿ ಹೊರಡುತ್ತದೆ! ಆ ಮಾತನ್ನು ಏಳನೆಯ ವಯಸ್ಸಿನಲ್ಲಿ ಕೇಳಿದವರು ಎಪ್ಪತ್ತನೆಯ ವಯಸ್ಸಿನಲ್ಲಿಯೂ ದೇವರ ಮುಂದೆ ಹಾಡಲು ಸಂಕೋಚಪಡುವುದನ್ನು ನಾವೆಲ್ಲರೂ ಬಲ್ಲೆವು. ಸ್ವರಭೇದವನ್ನು ಗ್ರಹಿಸುವ ಶಕ್ತಿಯೇ ಹುಟ್ಟಿನಿಂದ ಇಲ್ಲದವರು ನೂರಕ್ಕೆ ಒಬ್ಬರೋ ಇಬ್ಬರೋ ಎಂಬುದು ಇಂದಿನ ವಿಜ್ಞಾನದ ಅಂದಾಜು. ಉಳಿದವರೆಲ್ಲರೂ ಕಲಿಸಿದರೆ ಕಲಿಯತಕ್ಕವರೇ.

ಕಲಿಸುವಲ್ಲಿ ಆಗುವ ಪ್ರಥಮ ಪ್ರಮಾದವು ಶ್ರುತಿಯದು. ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯ ಶ್ರುತಿಯಲ್ಲಿ, ಅಂದರೆ ಷಡ್ಜವು ಸೆಕೆಂಡಿಗೆ 131ರಿಂದ 147 ಕಂಪನಗಳುಳ್ಳ ನೆಲೆಯಲ್ಲಿ ಹಾಡುವರು. ಸ್ತ್ರೀಯರ ಷಡ್ಜವು ಐದು ಮನೆಯ ಸುತ್ತಮುತ್ತ, 200ರ ಸಮೀಪದಲ್ಲಿರುತ್ತದೆ. ಆರೇಳು ವರ್ಷದ ಮಗುವಿನ ಮಾತೇ ಸುಮಾರು 250 ಕಂಪನಗಳ ಮಟ್ಟದಲ್ಲಿರುವುದರಿಂದ, ಮೇಷ್ಟರು ತಮಗೆ ಹಿತವಾದ ಶ್ರುತಿಯಲ್ಲಿ ಎತ್ತಿಕೊಂಡ ಹಾಡನ್ನು ಹಿಂಬಾಲಿಸಲು ಹೊರಟ ಮಕ್ಕಳಲ್ಲಿ ಕೆಲವರು ತಮ್ಮಷ್ಟಕ್ಕೆ ಒಂದು ಸ್ಥಾಯಿ ಮೇಲಕ್ಕೇರಿ ಪಾರಾಗುವರು. ಅದು ಹೊಳೆಯದ ಮಕ್ಕಳು ಗಂಟಲಿನಲ್ಲೇ ಗೊಣಗಿ, ರಾಗ ಬಾರದವರೆಂಬ ಹೆಸರನ್ನು ಹೊತ್ತುಕೊಳ್ಳುವರು. ಎಳೆಯ ಮಕ್ಕಳು ಪುರುಷಧ್ವನಿಗಿಂತ ಸ್ತ್ರೀಧ್ವನಿಯನ್ನೂ ಇನ್ನೊಂದು ಮಗುವಿನ ಧ್ವನಿಯನ್ನೂ ಹೆಚ್ಚು ನಿರ್ದುಷ್ಟವಾಗಿ ಅನುಕರಿಸುವರೆಂದು ಪರೀಕ್ಷೆಗಳು ತೋರಿಸಿವೆ. ಆದುದರಿಂದ ಶ್ರುತಿಪೆಟ್ಟಿಗೆಯನ್ನು ಆರೂವರೆ ಮನೆಯ ಆಸುಪಾಸಿಗೆ ಏರಿಸಿ, ಮೊದಮೊದಲು ಪಂಚಮದವರೆಗೆ ಮಾತ್ರ ಹಾಡಿಸಿ, ಸರಿಯಾಗಿ ಹಾಡುವ ಹುಡುಗಿಯನ್ನೋ ಹುಡುಗನನ್ನೋ ಮುಂದಾಳುವನ್ನಾಗಿ ಮಾಡಿಕೊಂಡರೆ, ಗಂಡಸು ಶಿಕ್ಷಕರೂ ಸುಖವಾಗಿ ಸಂಗೀತ ಪಾಠವನ್ನು ನಡೆಸಬಹುದು.

ಎರಡನೆಯ ಪ್ರಮಾದವೆಂದರೆ ಅರಚುವಿಕೆ. ಸುತ್ತಲಿನ ಗದ್ದಲ ಏರಿದಂತೆಲ್ಲ ಮನುಷ್ಯನು ತನಗರಿವಿಲ್ಲದೆಯೇ ಧ್ವನಿಯನ್ನೇರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ವಿವರಿಸಿದನು. ಪಾಠ ನಡೆಯುವ ಕೊಠಡಿಯಲ್ಲಿ ಹಿನ್ನೆಲೆಯ ಸದ್ದು 35 ಡೆಸಿಬಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಹೆದ್ದಾರಿಯ ಬದಿಯ ಶಾಲೆಗೆ ಅದು ದೂರದ ಕನಸು. ಅಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ಹಾಡಿದರೆ, ಪಕ್ಕದವನ ಕೂಗಿನಲ್ಲಿ ತನ್ನ ಸ್ವರ ತನಗೆ ಕೇಳಿಸದೆ ಪ್ರತಿಯೊಂದು ಮಗುವೂ ಇನ್ನಷ್ಟು ಕೂಗುವುದು. ತಿದ್ದಿಕೊಳ್ಳಲು ಬೇಕಾದ ಸಾಧನವಾದ ಸ್ವಂತ ಕಿವಿಯೇ ಹೀಗೆ ಕೈತಪ್ಪುವುದು. ನಿತ್ಯವೂ ಅರಚುವ ಮಕ್ಕಳ ಸ್ವರತಂತುಗಳ ಮೇಲೆ ಸಣ್ಣ ಗಂಟುಗಳೆದ್ದು ಧ್ವನಿ ಒಡೆಯುವುದೂ ಉಂಟು. “ಜೋರಾಗಿ ಹಾಡಿ” ಎಂಬ ಅಪ್ಪಣೆಯನ್ನು ನಮ್ಮ ಶಾಲೆಗಳು ಬಿಡಬೇಕು. ಐದೈದು ಮಕ್ಕಳ ಗುಂಪು ಮೆಲುದನಿಯಲ್ಲಿ ಹಾಡುತ್ತಿರುವಾಗ ಉಳಿದವರು ಕೈಯಲ್ಲಿ ತಾಳ ಹಾಕುತ್ತ ಆಲಿಸುವುದೇ ಇದಕ್ಕೆ ಪರಿಹಾರ. ಆಲಿಸುವವರೂ ಆಗ ಕಲಿಯುತ್ತಿರುತ್ತಾರೆ.

ವಿಜ್ಞಾನದ ಪಾಠಕ್ಕೂ ಸಂಗೀತದ ಪಾಠಕ್ಕೂ ನಡುವೆ ಗೋಡೆಯನ್ನು ಕಟ್ಟಬೇಕಾಗಿಲ್ಲ. ತಮಟೆಯನ್ನು ಬಾರಿಸುವವರು ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ಈ ಸೀಮೆಯ ಮಕ್ಕಳೆಲ್ಲರೂ ನೋಡಿರುತ್ತಾರೆ. ಕಾಯಿಸುವುದೇಕೆ? ಚರ್ಮದೊಳಗಿನ ತೇವ ಹಾರಿ, ಚರ್ಮ ಕುಗ್ಗಿ, ಬಿಗಿತ ಹೆಚ್ಚಿ, ನಾದ ಮೇಲಕ್ಕೇರಲೆಂದು. ಬಿಗಿತವು ನಾಲ್ಕು ಪಟ್ಟಾದರೆ ಕಂಪನಗಳ ಸಂಖ್ಯೆ ಇಮ್ಮಡಿಯಾಗುವುದೆಂಬುದು ಭೌತಶಾಸ್ತ್ರದ ನಿಯಮ. ಆವತಿಗೆ ನೆರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತೆಂಬುದನ್ನು ಮಕ್ಕಳಿಗೆ ತಿಳಿಸಿ, ಒಂದು ತಮಟೆಯನ್ನೂ ಒಂದು ಮೃದಂಗವನ್ನೂ ತರಗತಿಯಲ್ಲಿ ಜೊತೆಗಿಟ್ಟು ಬಾರಿಸಿ ತೋರಿಸುವುದಾದರೆ ಆ ದಿನದ ಪಾಠ ಬೇರೆ ಪುಸ್ತಕವನ್ನು ಬೇಡುವುದಿಲ್ಲ. ತಮಟೆಯ ಬರಿಯ ಚರ್ಮದಿಂದ ಹೊರಡುವ ಉಪಸ್ವರಗಳು ಮೂಲಸ್ವರದ ಪೂರ್ಣಾಂಕ ಗುಣಕಗಳಾಗಿರದೆ ಚೆದುರಿರುವುದರಿಂದ ಅದರಲ್ಲಿ ಲಯದ ಕೆಚ್ಚು ಉಂಟು, ನಿಶ್ಚಿತವಾದ ಶ್ರುತಿಯಿಲ್ಲ. ಮೃದಂಗದ ಬಲಭಾಗಕ್ಕೆ ಮೆತ್ತಿರುವ ಕಪ್ಪು ಕರಣೆಯಾದರೋ ಚರ್ಮದ ನಡುವಿಗೆ ತಕ್ಕಷ್ಟು ಭಾರವನ್ನು ಹೇರಿ, ಆ ಉಪಸ್ವರಗಳನ್ನು ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಂಬ ಅಚ್ಚುಕಟ್ಟಾದ ಕ್ರಮಕ್ಕೆ ತಂದುನಿಲ್ಲಿಸುತ್ತದೆ. ಇದನ್ನು 1920ರಲ್ಲಿ ಲೋಕಕ್ಕೆ ಮೊದಲು ಸಾರಿದವರು ಸರ್ ಸಿ. ವಿ. ರಾಮನ್ ಮತ್ತು ಅವರ ಸಹೋದ್ಯೋಗಿ ಶಿವಕಾಲಿ ಕುಮಾರ್. ಮರುವರ್ಷವೇ ರಾಮನ್ನರು ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ತೂರಿಸುವ ಸಣ್ಣ ದಾರದೆಳೆಯ ಮಹಿಮೆಯನ್ನು ವಿವರಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಅವರು ಆ ವಿಚಾರವನ್ನು ಬಿಡದೆ, ಮರುವರ್ಷ ಭಾರತೀಯ ಚರ್ಮವಾದ್ಯಗಳನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಹೆಸರಿಲ್ಲದ ಕುಶಲಿಗಳು ಕೇವಲ ಕಿವಿಯ ಬಲದಿಂದ ಕಂಡುಕೊಂಡಿದ್ದ ಸತ್ಯಕ್ಕೆ ನೊಬೆಲ್ ಪುರಸ್ಕೃತರೊಬ್ಬರು ತಲೆಬಾಗಿದರೆಂಬ ಸಂಗತಿಯು ಹಳ್ಳಿಯ ಮಗುವಿಗೆ ಕೊಡುವ ಆತ್ಮಗೌರವ ಸಾಮಾನ್ಯವಾದುದಲ್ಲ.

ತಾಳದ ವಿಚಾರದಲ್ಲಿ ನಮ್ಮ ಹಿರಿಯರ ಕ್ರಮವು ಅತ್ಯಂತ ಶಾಸ್ತ್ರೀಯವಾದುದೆಂದು ನನಗೆ ತೋರುತ್ತದೆ. ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕಿಯರು ಏಳು ತಿಂಗಳ ಶಿಶುಗಳಿಗೆ, ಎಲ್ಲಿಯೂ ಒತ್ತಿಲ್ಲದ ಏಕರೂಪದ ಲಯವನ್ನು ಕೇಳಿಸುತ್ತ, ಕೆಲವರನ್ನು ಎರಡೆರಡು ಎಣಿಕೆಗೊಮ್ಮೆಯೂ ಕೆಲವರನ್ನು ಮೂರುಮೂರು ಎಣಿಕೆಗೊಮ್ಮೆಯೂ ಎತ್ತಿ ಕುಣಿಸಿದರು. ಅನಂತರ ಒತ್ತುಗಳನ್ನು ಸೇರಿಸಿ ಕೇಳಿಸಿದಾಗ, ಯಾವ ಎಣಿಕೆಯಲ್ಲಿ ಕುಣಿಸಿದ್ದರೋ ಆ ಎಣಿಕೆಯ ಲಯವನ್ನೇ ಶಿಶುಗಳು ಹೆಚ್ಚು ಹೊತ್ತು ಆಲಿಸಿದವು. ಇತರರು ಕುಣಿಯುವುದನ್ನು ನೋಡಿದ್ದಷ್ಟೇ ಆದ ಶಿಶುಗಳಲ್ಲಿ ಆ ಫಲ ಕಾಣಲಿಲ್ಲ. ಲಯವನ್ನು ಕಿವಿಯೊಂದೇ ಕಲಿಯುವುದಿಲ್ಲ, ಮೈಯೂ ಸೇರಿಯೇ ಕಲಿಯುತ್ತದೆ ಎಂಬುದು 2005ರಲ್ಲಿ ಪ್ರಕಟವಾದ ಈ ಪ್ರಯೋಗದ ಸಾರ. ಆದಿತಾಳಕ್ಕೆ ಒಂದು ಘಾತ, ಬಳಿಕ ಕಿರುಬೆರಳು, ಉಂಗುರಬೆರಳು, ನಡುಬೆರಳುಗಳ ಎಣಿಕೆ, ಆಮೇಲೆ ಎರಡು ಸಲ ತಟ್ಟಿ ಬೀಸುವಿಕೆ, ಹೀಗೆ ಎಂಟು ಅಕ್ಷರಕಾಲವನ್ನು ಕೈಯಲ್ಲಿ ಕಟ್ಟಿಕೊಂಡೇ ಹಾಡಬೇಕೆಂದು ವಿಧಿಸಿದವರು ತಾಯಂದಿರ ತೊಡೆಯ ಮೇಲಣ ಈ ರಹಸ್ಯವನ್ನು ಬಲ್ಲವರೇ ಆಗಿದ್ದರು. ಒಂದನೆಯ ಕಾಲದಲ್ಲಿ ಹಾಡಿದುದನ್ನು ಎರಡನೆಯ ಕಾಲದಲ್ಲಿ ಇಮ್ಮಡಿಸಿ, ಮೂರನೆಯ ಕಾಲದಲ್ಲಿ ಮತ್ತೆ ಇಮ್ಮಡಿಸುವ ಅಭ್ಯಾಸದಲ್ಲಿ ಒಂದು, ಎರಡು, ನಾಲ್ಕರ ಗಣಿತವೂ ಅಡಗಿದೆ. ‘ಬಲ’ಕ್ಕೂ ‘ಬಾಲ’ಕ್ಕೂ ಕಾಲದ ಪ್ರಮಾಣ ಒಂದರಿಂದಲೇ ಭೇದವಾಗುವ ಕನ್ನಡದಲ್ಲಿ, ಮಾತ್ರೆಯನ್ನು ಮೈಯಲ್ಲಿ ಅರಗಿಸಿಕೊಂಡ ಮಗುವು ದೀರ್ಘವನ್ನು ಬಿಟ್ಟು ಬರೆಯುವ ಸಂಭವ ಕಡಮೆಯಾದೀತೆಂದು ನಾನು ನಂಬುತ್ತೇನೆ. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಕಟ್ಟಿದ ಹಾಡುಗಳ ಮಾತ್ರಾಗತಿ ಎಷ್ಟು ನಿರ್ದಿಷ್ಟವಾಗಿದೆಯೆಂದರೆ, ಅವಕ್ಕೆ ರಾಗವನ್ನು ಹೇಳಿಕೊಡುವ ಮೊದಲೇ ಮಕ್ಕಳ ಕಾಲು ಕುಣಿಯತೊಡಗುತ್ತದೆ.

ಸ್ವರಪಾಠದ ವಿಷಯದಲ್ಲಿ ಮಾತ್ರ ಪರಂಪರೆಯ ಕ್ರಮಕ್ಕೆ ಒಂದು ಮೆಟ್ಟಿಲನ್ನು ಮುಂಚಿತವಾಗಿ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಮಲಹರಿಯ ಪಿಳ್ಳಾರಿ ಗೀತೆಗಳೆಂಬ ಸೋಪಾನಕ್ರಮವನ್ನು ಪುರಂದರದಾಸರು ಏರ್ಪಡಿಸಿದರೆಂದು ಸಂಪ್ರದಾಯವು ಹೇಳುತ್ತದೆ; ಆ ಪಾಠಗಳಿಗೆ ಆರಿಸಿದ ಮಾಯಾಮಾಳವಗೌಳ ರಾಗದ ಸೌಷ್ಠವ ಆಶ್ಚರ್ಯಕರವಾದುದು. ಷಡ್ಜಕ್ಕೆ 240 ಕಂಪನಗಳೆಂದು ಇಟ್ಟುಕೊಂಡರೆ ಋಷಭ 256, ಗಾಂಧಾರ 300, ಮಧ್ಯಮ 320, ಪಂಚಮ 360, ಧೈವತ 384, ನಿಷಾದ 450, ತಾರಷಡ್ಜ 480. ಸರಿಗಮಗಳ ನಡುವಣ ಪ್ರಮಾಣಗಳನ್ನು ಭಾಗಿಸಿ ನೋಡಿದರೆ, ಪದನಿಸಗಳ ನಡುವೆಯೂ ಅವೇ ಪ್ರಮಾಣಗಳು ತಪ್ಪದೆ ಮರಳುತ್ತವೆ. ಪೂರ್ವಾರ್ಧವನ್ನು ಕಲಿತವರಿಗೆ ಉತ್ತರಾರ್ಧವು ಅರ್ಧ ಕಲಿತಂತೆಯೇ. ಆದರೆ ಇಲ್ಲಿಯ ಷಡ್ಜ–ಋಷಭಗಳ ಅಂತರ ಅತಿ ಸಣ್ಣದು, ಋಷಭ–ಗಾಂಧಾರಗಳ ಅಂತರ ದೊಡ್ಡದು. ಹತ್ತು ವರ್ಷದ ಶಿಷ್ಯನಿಗೆ ಸಾಧ್ಯವಾದ ಈ ಸೂಕ್ಷ್ಮವು ಆರು ವರ್ಷದ ಕೊರಳಿಗೆ ಬಹುವೇಳೆ ಎಟಕುವುದಿಲ್ಲ. ಇದೇ ಷಡ್ಜದಿಂದ 270, 300, 360, 400, 480 ಎಂದು ನಡೆಯುವ ಮೋಹನದ ಐದು ಸ್ವರಗಳಲ್ಲಿ ಅಂತಹ ಇಕ್ಕಟ್ಟಿನ ಹೆಜ್ಜೆ ಒಂದೂ ಇಲ್ಲ. ಹಂಗೆರಿಯ ಸಂಗೀತಗಾರ ಝೋಲ್ಟಾನ್ ಕೊಡಾಯಿಯವರು ಹಳ್ಳಿಹಳ್ಳಿಗಳನ್ನು ಸುತ್ತಿ ಜನಪದ ಗೀತೆಗಳನ್ನು ಸಂಗ್ರಹಿಸಿ, ವಾದ್ಯಕ್ಕಿಂತ ಮೊದಲು ಕೊರಳು, ಪರದೇಶದ ಹಾಡಿಗಿಂತ ಮೊದಲು ತಾಯ್ನುಡಿಯ ಹಾಡು ಎಂಬ ತತ್ತ್ವವನ್ನು ಸಾರಿದರು. 1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೆಟ್‌ನಲ್ಲಿ ನಿತ್ಯವೂ ಸಂಗೀತ ಪಾಠವಿರುವ ಪ್ರಾಥಮಿಕ ಶಾಲೆಯು ಆರಂಭವಾಯಿತು. ಎಳೆಯರಿಗೆ ಮೊದಲು ಇಕ್ಕಟ್ಟಿನ ಹೆಜ್ಜೆಗಳಿಲ್ಲದ ಐದು ಸ್ವರಗಳ ಹಾಡನ್ನೇ ಕೊಡಬೇಕೆಂಬುದು ಅವರ ನಿಶ್ಚಯವಾಗಿತ್ತು. ನಮ್ಮಲ್ಲಿ ರಾಗಿ ಬೀಸುವ ಪದಗಳೂ ಕೋಲಾಟದ ಪದಗಳೂ ಮೂರು ನಾಲ್ಕು ಸ್ವರಗಳಲ್ಲಿಯೇ ಎಷ್ಟೋ ಹೊತ್ತು ಸುಳಿದಾಡುವುದನ್ನು ಗಮನಿಸಿದರೆ, ಈ ಮೊದಲ ಮೆಟ್ಟಿಲಿಗೆ ಬೇಕಾದ ಸಾಮಗ್ರಿ ಮಕ್ಕಳ ಅಜ್ಜಿಯರ ಬಾಯಲ್ಲಿಯೇ ಸಿದ್ಧವಾಗಿದೆ. ಬೀಸುವ ಕಲ್ಲು ಮನೆಯ ಮೂಲೆ ಸೇರಿ ಬಹಳ ಕಾಲವಾಯಿತು; ಪದ ಬಲ್ಲ ಅಜ್ಜಿಯರನ್ನು ಶಾಲೆಗೆ ಕರೆತರುವ ಕೆಲಸಕ್ಕೆ ಇನ್ನು ಹೆಚ್ಚು ವರ್ಷಗಳು ಉಳಿದಿಲ್ಲ. ಸರಳೆ ವರಸೆಯನ್ನು ಮೂರನೆಯ ತರಗತಿಯಿಂದ ಆರಂಭಿಸಿದರೆ ಅದಕ್ಕೇನೂ ಅಗೌರವವಾಗದು.

ಇಷ್ಟೆಲ್ಲ ಶ್ರಮದಿಂದ ಮಕ್ಕಳ ಬುದ್ಧಿ ಚುರುಕಾಗುವುದೆ ಎಂದು ಕೇಳುವವರಿದ್ದಾರೆ. 1993ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ, ಮೊಜಾರ್ಟನ ಕೃತಿಯೊಂದನ್ನು ಕೇಳಿದವರು ಆಕೃತಿಗಳನ್ನು ಕುರಿತ ಪ್ರಶ್ನೆಗಳಿಗೆ ಕಾಲು ಗಂಟೆಯಷ್ಟು ಹೊತ್ತು ತುಸು ಮೇಲಾಗಿ ಉತ್ತರಿಸಿದರೆಂಬುದನ್ನು ಪತ್ರಿಕೆಗಳು ಹಿಗ್ಗಿಸಿ, ಸಂಗೀತ ಕೇಳಿದ ಶಿಶು ಮೇಧಾವಿಯಾಗುವುದೆಂದು ಪ್ರಚಾರ ಮಾಡಿದವು. ಆ ಮಾತಿಗೆ ಆಧಾರವಿಲ್ಲ. 2004ರಲ್ಲಿ ಕೆನಡಾದ ಷೆಲ್ಲೆನ್‌ಬರ್ಗ್ ಅವರು 144 ಮಂದಿ ಆರು ವರ್ಷದ ಮಕ್ಕಳಲ್ಲಿ ಕೆಲವರಿಗೆ ವಾದ್ಯವನ್ನೂ ಕೆಲವರಿಗೆ ಕೊಡಾಯಿ ಪದ್ಧತಿಯ ಗಾಯನವನ್ನೂ ಕೆಲವರಿಗೆ ನಾಟಕವನ್ನೂ ಒಂದು ವರ್ಷ ಕಲಿಸಿ ಪ್ರಕಟಿಸಿದ ಫಲಿತಾಂಶದಲ್ಲಿ, ಸಂಗೀತ ಕಲಿತವರ ಬುದ್ಧ್ಯಂಕದ ಏರಿಕೆ ಇತರರಿಗಿಂತ ಮೂರು ಅಂಕಗಳಿಗೂ ಕಡಮೆ. ಅನಂತರದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದವರಿಗೆ ಅಷ್ಟೂ ಸಂದೇಹಾಸ್ಪದವಾಗಿ ಕಂಡಿದೆ. ಗಣಿತದ ಅಂಕವನ್ನು ಏರಿಸಬೇಕಾದರೆ ಗಣಿತವನ್ನೇ ಕಲಿಸುವುದು ಮೇಲು. ಸಂಗೀತವನ್ನು ಕಲಿಸಬೇಕಾದುದು ಸಂಗೀತಕ್ಕಾಗಿ. ಮಾನವಜಾತಿಯ ಯಾವ ಸಮಾಜವೂ ಬಿಟ್ಟು ಬದುಕದ ಈ ಸಂಪತ್ತಿನಲ್ಲಿ, ಶುಲ್ಕ ಕೊಟ್ಟು ಮನೆಪಾಠ ಹೇಳಿಸಲಾರದ ಕೂಲಿಯವರ ಮಗುವಿಗೂ ಪಾಲು ಸಲ್ಲಬೇಕೆಂಬುದಕ್ಕಾಗಿ. ಒಟ್ಟಿಗೆ ಹಾಡಿ ಕುಣಿದ ನಾಲ್ಕು ವರ್ಷದ ಮಕ್ಕಳು ಅನಂತರ ಒಬ್ಬರಿಗೊಬ್ಬರು ನೆರವಾಗುವುದು ಹೆಚ್ಚೆಂದು ಜರ್ಮನಿಯ ಪ್ರಯೋಗವೊಂದು 2010ರಲ್ಲಿ ತೋರಿಸಿದೆ. ಭಜನೆಯ ಗುಂಪನ್ನು ಕಂಡವರಿಗೆ ಅದು ಅನಿರೀಕ್ಷಿತವಲ್ಲ.

ನಮ್ಮ ವಿದ್ಯಾಪದ್ಧತಿಯಲ್ಲಿ ಈ ಪಾಲಿಗೆ ಅವಕಾಶವಿಲ್ಲವೆಂದು ಹೇಳಲಾಗದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವಿರಬೇಕೆಂದು ವಿಧಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ಮುಂದೆ ನಾಡಿನಲ್ಲೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಹಾಡಿಗೆ ಗೌರವದ ಸ್ಥಾನವಿದೆ. ಆದರೂ ಸಂಗೀತಕ್ಕೆಂದೇ ನೇಮಕವಾದ ಶಿಕ್ಷಕರು ಹೆಚ್ಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಲ್ಲ. ಪ್ರತಿಭಾ ಕಾರಂಜಿಯ ದಿನ ಸಮೀಪಿಸಿದಾಗ ಕಂಠ ಚೆನ್ನಾಗಿರುವ ಇಬ್ಬರು ಮೂವರನ್ನು ಆರಿಸಿ ಸಿದ್ಧಪಡಿಸುವುದರಲ್ಲಿ ಸಂಗೀತ ಶಿಕ್ಷಣವು ಮುಗಿದುಹೋಗುತ್ತದೆ. ಬಹುಮಾನ ಬೇಡವೆಂದು ನಾನು ಹೇಳುವುದಿಲ್ಲ. ಆರಿಸದೆ ಬಿಟ್ಟ ಮಕ್ಕಳಿಗೂ ಕೊರಳಿದೆಯೆಂಬುದನ್ನು ಮರೆಯಬಾರದೆಂದಷ್ಟೇ ಹೇಳುತ್ತೇನೆ.

ನೇಮಕಾತಿ ಸರ್ಕಾರದ ಕೈಯಲ್ಲಿದೆ. ಆದರೆ ನಾಳೆ ಬೆಳಗಿನ ಪ್ರಾರ್ಥನೆ ಶಿಕ್ಷಕರ ಕೈಯಲ್ಲಿದೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ನಾಡಗೀತೆಯನ್ನು ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರಲ್ಲಿ ನಿಗದಿಯಾಗಿದೆ. ಆವತಿಯಂತಹ ಊರುಗಳಲ್ಲಿ ಪಾಠ ಹೇಳುತ್ತಿರುವ ಉಪಾಧ್ಯಾಯರಲ್ಲಿಯೂ ಉಪಾಧ್ಯಾಯಿನಿಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು: ಆ ಹಾಡನ್ನು ಎತ್ತಿಕೊಳ್ಳುವ ಮೊದಲು ಅರ್ಧ ನಿಮಿಷ, ಶ್ರುತಿಪೆಟ್ಟಿಗೆಯಿಂದಲೋ ಕೈಯಲ್ಲಿರುವ ಮೊಬೈಲಿನಿಂದಲೋ, ಮಕ್ಕಳ ಕೊರಳಿಗೆ ಒಗ್ಗುವ ಷಡ್ಜವನ್ನು ಕೇಳಿಸಿ, ಎಲ್ಲರೂ ಮೆಲ್ಲಗೆ ಅದನ್ನು ಹಿಡಿಯುವಂತೆ ಮಾಡಿ, ಆಮೇಲೆ ಹಾಡಿಸಿರಿ, ಸ್ವರ ತಪ್ಪುವ ಮಗುವನ್ನು ಸಾಲಿನಿಂದ ಆಚೆಗೆ ಕಳುಹಿಸದೆ, ಸರಿಯಾಗಿ ಹಾಡುವ ಮಗುವಿನ ಮಗ್ಗುಲಲ್ಲಿ ನಿಲ್ಲಿಸಿರಿ.